ಪೆಡಲಣ್ಣನ ಭಾನುವಾರ
ನಮ್ಮ ಬೀದಿಯ ಟೈಲರ್ ಪೆಡಲಣ್ಣನಿಗೆ ಅಂಗಿಯ ಅಳತೆ ಕೊಡಲು ಹೋದವರು ಕಡಲವರೆಗಿನ ಅವನ ಸೈಕಲ್ ಪ್ರವಾಸವನ್ನು ಕೇಳಿಯೇ ಬರಬೇಕು. ಹರೆಯದಲ್ಲಿ ಗೆಳೆಯರ ದಂಡು ಕಟ್ಟಿಕೊಂಡು ಹೋಗಿದ್ದ, ಅದೂ ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ. ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು, ಇಳಿಜಾರಿನಲ್ಲೂ ಕಾಲಿಗೆ ರಜೆಯಿಲ್ಲ. “ಸುಮ್ನೆ ಕೂತು ಜಾರೋದು ಸವಾರಿನೇನ್ರೀ? ಅದು ಮೂಟೆ ಸಾಗ್ಸೋದು!” ಎಂದು ಗುಂಡುಸೂಜಿ ಕಚ್ಚಿಕೊಂಡೇ ಗದರುತ್ತಾನೆ. ಕಥೆ ಏರು ಹತ್ತಿದರೆ ಹೊಲಿಗೆ ಯಂತ್ರವೂ ಏದುಸಿರು ಬಿಡುತ್ತದೆ, ಇಳಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಪ್ಯಾಂಟೊಂದು ಮುಗಿಯುತ್ತದೆ. ಹೊಲಿಗೆ ಸೊಟ್ಟಗಾದರೆ ಅದು ರಸ್ತೆಯ ತಪ್ಪು. ಒಬ್ಬನಾದರೂ ಇನ್ನೊಮ್ಮೆ ಜೊತೆಗೆ ಬಂದಾನೆಂದು ಪ್ರತಿ ಶನಿವಾರ ಗೆಳೆಯರಿಗೆಲ್ಲ ಫೋನು ಮಾಡುತ್ತಾನೆ: “ನಾಳೆ ಬರ್ತೀಯೇನೋ ಲೇ?” ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಮೊಮ್ಮಗು, ಇನ್ನೊಬ್ಬ ಎತ್ತುವುದೇ ಇಲ್ಲ. ಸಂಘದ ಧರಣಿಗಳಿಗೆ ಮನೆಮನೆ ಸುತ್ತಿ ಜನ ಕೂಡಿಸುವ ನಾನೂ ಇಷ್ಟು ಬೇಡಿಲ್ಲ. “ಸೋಮಾರಿ ನನ್ಮಕ್ಳು, ಮುಂದಿನ ವಾರ ಬರ್ತಾರೆ” ಎನ್ನುತ್ತಾನೆ. “ಆ ಮುಂದಿನ ವಾರ ಬರೋವಷ್ಟರಲ್ಲಿ ನಿಮ್ಮ ಮೀಸೆನೂ ಬೆಳ್ಳಗಾಯ್ತು” ಎಂದು ಒಳಗಿನಿಂದ ಹೆಂಡತಿ. ಮೊನ್ನೆ ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ ಅವನು ಒಬ್ಬನೇ ಸೈಕಲ್ ತುಳಿಯುತ್ತಾ ಹೋಗುವುದು ಕಂಡಿತು. ಗುಂಡಿ ಬಂತು. ಪಕ್ಕಕ್ಕೆ ಸರಿಯುವ ಮುನ್ನ ಎಡಗೈ ಇಳಿಬಿಟ್ಟು ಬೆರಳಿನಿಂದ ಅದನ್ನು ತೋರಿಸಿದ. ಗುಂಪಿನಲ್ಲಿ ಮುಂದಿರುವವನು ಹಿಂದಿನವರಿಗೆ ಹಾಗೆ ತೋರಿಸುವುದು ಸವಾರರ ವಾಡಿಕೆ. “ಗುಂಡಿ ಕಣ್ರೋ!” ಎಂದು ಕೂಗಿಯೂ ಕೂಗಿದ. ಹಿಂದೆ ಕಣ್ಣು ಹಾಯುವವರೆಗೂ ಖಾಲಿ ರಸ್ತೆ. ಮುಂದಿನ ಗುಂಡಿಗೂ ಕೈ ಇಳಿಯಿತು.