ಜಿಪ್ಪಿಗೆ ತಿಂಗಳ ಚಂದಾ

ಜಿಪ್ಪಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಆ ಹೆಸರು ಹಿಡಿದು ಕೂಗಿದರೆ ಈಗ ಆಕೆಯೇ ತಿರುಗಿ ನೋಡುವುದಿಲ್ಲ. ಮೂವತ್ತೊಂದು ವರ್ಷದಿಂದ ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಬ್ಯಾಗು, ಸೂಟ್‌ಕೇಸು, ಜಾಕೆಟ್ಟು, ಶಾಲೆಯ ಚೀಲ, ಹೀಗೆ ಬಾಯಿ ಮುಚ್ಚದ ಸಾಮಾನುಗಳಿಗೆಲ್ಲ ಬಾಯಿ ಮುಚ್ಚಿಸುವುದು ಆಕೆಯ ಕಸುಬು.

"ಎಲ್ಲದರ ಬಾಯಿ ಮುಚ್ಚಿಸ್ತೀರಿ, ನಿಮ್ಮ ನಾದಿನಿ ಬಾಯಿ ಮಾತ್ರ ನಿಮ್ಮ ಕೈಲಿ ಆಗ್ಲಿಲ್ಲ ನೋಡಿ" ಎಂದು ಗಿರಾಕಿಗಳು ಕೆಣಕಿದರೆ, ಪಕ್ಕದ ಮಿಷನ್ನಿನಿಂದ ನಾದಿನಿಯೇ ಉತ್ತರ ಕೊಡುತ್ತಿದ್ದಳು: "ಆ ಸೈಜಿನ ಜಿಪ್ಪು ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ ಸ್ವಾಮಿ!"

ಕೋಣೆ ಎಷ್ಟು ಕಿರಿದೆಂದರೆ, ಒಬ್ಬಳು ಕಾಲು ಚಾಚಿದರೆ ಇನ್ನೊಬ್ಬಳು ಮಡಚಿಕೊಳ್ಳಬೇಕು. ಮೆಟ್ಟಿಲು ಓರೆಯಾಗಿ ಇಳಿಯುವುದರಿಂದ ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದ ಹಾಗೆಲ್ಲ ತಲೆ ತಗ್ಗಿಸಬೇಕು. ಗೋಡೆಯ ಹಲಗೆಯ ಮೇಲೆ ಸಾಲಾಗಿ ಬಿಸ್ಕತ್ತಿನ ಡಬ್ಬಿಗಳು. ಅವುಗಳಲ್ಲಿ ಹಿತ್ತಾಳೆಯ, ಪ್ಲಾಸ್ಟಿಕ್ಕಿನ ರನ್ನರುಗಳು. ರನ್ನರ್ ಎಂದರೆ ಜಿಪ್ಪಿನ ಹಲ್ಲುಗಳ ಮೇಲೆ ಓಡುವ ಪುಟ್ಟ ಗಾಡಿ. ಹತ್ತು ಜಿಪ್ಪು ಕೆಟ್ಟರೆ ಏಳರಲ್ಲಿ ಕೆಟ್ಟಿರುವುದು ಆ ಗಾಡಿ ಮಾತ್ರ. ಅದನ್ನು ಬದಲಿಸಿದರೆ ಸಾಕು, ಇಡೀ ಜಿಪ್ಪು ಕೀಳಬೇಕಾಗಿಲ್ಲ. ಇದನ್ನು ಗಿರಾಕಿಗೆ ಬಿಡಿಸಿ ಹೇಳಿ, ಕಡಿಮೆ ದುಡ್ಡಿಗೆ ಕೆಲಸ ಮುಗಿಸಿ ಕಳಿಸುವುದು ಜಿಪ್ಪಕ್ಕನ ಗಂಡ ಹಾಕಿಕೊಟ್ಟ ಪದ್ಧತಿ. ಆತ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಆತನ ಮಿಷನ್ನಿಗೆ ತಂಗಿ ಬಂದು ಕೂತಳು. ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದಿದ್ದ ಹುಡುಗಿ. ಈಗ ಐವತ್ತನಾಲ್ಕು ವಯಸ್ಸು, ಆದರೂ ಅತ್ತಿಗೆಯ ಬಾಯಲ್ಲಿ ಇವತ್ತಿಗೂ 'ಪುಟ್ಟಿ'.

ಜಿಪ್ಪಕ್ಕ ಓದಿದ್ದು ನಾಲ್ಕನೇ ತರಗತಿ. ಆದರೆ ಆಕೆಗೊಂದು ವಿದ್ಯೆ ಇತ್ತು. ಗಿರಾಕಿ ಬಾಗಿಲಿಗೆ ಬಂದಾಗ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬಾಯಿ ಬಿಡುವ ಮೊದಲೇ ಅವರ ಹೆಬ್ಬೆರಳು ಹರಿದ ಜಾಗಕ್ಕೆ ಹೋಗಿರುತ್ತಿತ್ತು. "ಬಾಯಿ ಊರೆಲ್ಲ ಸುತ್ತಿ ಬರುತ್ತೆ, ಬೆರಳು ನೇರ ಹೋಗುತ್ತೆ" ಎನ್ನುತ್ತಿದ್ದಳು. ಬೆರಳು ಒಂದೇ ಕಡೆ ನಿಂತರೆ ರನ್ನರ್ ಹೋಗಿದೆ, ಉದ್ದಕ್ಕೂ ಸವರಿದರೆ ಹಲ್ಲು ಹೋಗಿದೆ. ಇದರಲ್ಲಿ ಆಕೆ ತಪ್ಪಿದ್ದೇ ಕಡಿಮೆ.

ಎಲ್ಲವೂ ಚೆನ್ನಾಗಿಯೇ ನಡೆದಿತ್ತು, ಬಸ್ ನಿಲ್ದಾಣವನ್ನು ಹಿಂದಿನ ರಸ್ತೆಗೆ ಸಾಗಿಸುವವರೆಗೆ. ಬಸ್ಸಿಗೆ ಕಾಯುತ್ತ ನಿಂತವರೇ ಜಿಪ್ಪಕ್ಕನ ಅರ್ಧಕ್ಕರ್ಧ ಗಿರಾಕಿಗಳು. ನಿಲ್ದಾಣ ಹೋದ ಮೇಲೆ ರಸ್ತೆ ಬಿಕೋ ಎಂದಿತು. ಆಗ ಮುಂದೆ ಬಂದವರು ಮಗಳ ಗಂಡ, ಅಳಿಯಂದಿರು, ಫೋನ್ ಅಂಗಡಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ಜನರಿಗೆ ಫೋನಿನ ಪ್ಲಾನು ಮಾರುವುದೇ ಅವರ ಉದ್ಯೋಗ.

"ಅತ್ತೆ, ಈಗ ಜನ ರಸ್ತೆ ನೋಡಿ ಬರಲ್ಲ, ಫೋನ್ ನೋಡಿ ಬರ್ತಾರೆ. ನಿಮ್ಮ ಅಂಗಡಿಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ" ಎಂದರು. ಎರಡು ಭಾನುವಾರ ಊಟಕ್ಕೂ ಏಳದೆ ಕೂತು ಮಾಡಿಯೂ ಕೊಟ್ಟರು.

ಜಿಪ್ಪಕ್ಕ ಒಂದೇ ಒಂದು ಮಾತು ಹೇಳಿದ್ದಳು. "ಅಳಿಯಂದ್ರೆ, ಬೆಲೆ ಮಾತ್ರ ಬಯಲಿಗಿಡಬೇಡಿ. ಆ ಹೊಸ ನಿಲ್ದಾಣದ ಬ್ಯಾಗಿನಂಗಡಿಯವನು ನೋಡಿ ಐದು ಕಮ್ಮಿ ಮಾಡ್ಕೊಂಡು ಕೂತ್ಕೋತಾನೆ."

ಅಳಿಯಂದಿರು ತಲೆಯಾಡಿಸಿದರು. ಕೊನೆಗೆ ಫೋನಿನಲ್ಲಿ ತೋರಿಸಿದಾಗ ಜಿಪ್ಪಕ್ಕ ಕಂಡದ್ದು ತನ್ನ ಫೋಟೊ. ಬಣ್ಣ ಬಣ್ಣದ ಪೆಟ್ಟಿಗೆಗಳ ಮೇಲೆ ತಾನು ನಗುತ್ತ ಕೂತಿದ್ದನ್ನು ನೋಡಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಫೋನ್ ವಾಪಸ್ಸು ಕೊಟ್ಟಳು. ಮಗಳ ಗಂಡ ಊಟ ಬಿಟ್ಟು ಮಾಡಿದ ಕೆಲಸದಲ್ಲಿ ಯಾವ ಅತ್ತೆ ಕುಂದು ಹುಡುಕುತ್ತಾಳೆ?

ಎರಡು ತಿಂಗಳು ಕಳೆಯಿತು. ಪುಟವನ್ನು ದಿನಕ್ಕೆ ಮೂವತ್ತು ನಲವತ್ತು ಜನ ನೋಡುತ್ತಿದ್ದಾರೆಂದು ಅಳಿಯಂದಿರು ಹೇಳುತ್ತಿದ್ದರು. ಬಾಗಿಲಿಗೆ ಬರುತ್ತಿದ್ದವರು ಮೂವರೋ ನಾಲ್ವರೋ, ಅವರೂ ಹಳಬರು.

ಒಂದು ಸೋಮವಾರ ಪುಟ್ಟಿ ಮಿಷನ್ನಿಗೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಹೇಳಿದಳು: "ಅತ್ತಿಗೆ, ಊರಾಚೆಯ ಬಟ್ಟೆ ಫ್ಯಾಕ್ಟರೀಲಿ ಹೊಲಿಯೋರು ಬೇಕಂತೆ. ಸೂಪರ್‌ವೈಸರ್ ಶನಿವಾರದೊಳಗೆ ಹೇಳು ಅಂದಿದಾರೆ."

"ನೀನೇನಂದೆ?"

"ಇಬ್ಬರು ಕೂತು ನೊಣ ಓಡಿಸೋದಕ್ಕಿಂತ ಒಬ್ಬಳು ಓಡಿಸಿದರೆ ಸಾಲದಾ?"

ಮಾತಿನಲ್ಲಿ ನಗುವಿತ್ತು, ಮುಖದಲ್ಲಿರಲಿಲ್ಲ. ಹೋಗಬೇಡ ಎನ್ನಬೇಕೆನಿಸಿತು ಜಿಪ್ಪಕ್ಕನಿಗೆ. ಯಾವ ಮುಖ ಇಟ್ಟುಕೊಂಡು ಹೇಳುವುದು? ಫ್ಯಾಕ್ಟರಿಗೆ ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಏಳಕ್ಕೆ ಮನೆ. ಈ ಕೋಣೆಯಲ್ಲಿ ಪಕ್ಕದ ಮಿಷನ್ನು ಸುಮ್ಮನಿರುವುದನ್ನು ನೆನೆಸಿಕೊಳ್ಳುವುದೂ ಆಕೆಗೆ ಬೇಡವಾಗಿತ್ತು. ಗಂಡ ತೀರಿಕೊಂಡ ವರ್ಷ ಆ ಸದ್ದಿಲ್ಲದ ಮೂರು ತಿಂಗಳನ್ನು ಆಕೆ ಕಂಡಿದ್ದಳು.

ಮರುದಿನ ಅಪರೂಪಕ್ಕೊಬ್ಬ ಹೊಸ ಗಿರಾಕಿ ಬಂದ. ಗಡಿಯಾರ ರಿಪೇರಿಯವನು. ಕೈಯಲ್ಲಿ ಬಾಯಿ ತೆರೆದ ಚರ್ಮದ ಚೀಲ. ಒಳಗೆ ಕಾಲಿಡುವ ಮೊದಲೇ ಕೇಳಿದ:

"ಅಮ್ಮಾ, ನಾನು ಇದೊಂದೇ ಜಿಪ್ಪು ಹಾಕಿಸ್ಕೊಂಡು ಹೋಗ್ಬಹುದಾ, ಇಲ್ಲ ತಿಂಗಳು ತಿಂಗಳು ಬರ್ಲೇಬೇಕಾ?"

"ತಿಂಗಳು ತಿಂಗಳು ಯಾಕಪ್ಪಾ ಬರ್ತೀಯ?"

"ನಿಮ್ಮ ಪುಟದಲ್ಲಿ ತಿಂಗಳ ಚಂದಾ ಅಂತಿದೆ. ವರ್ಷಕ್ಕೆ ಕಟ್ಟಿದರೆ ಎರಡು ತಿಂಗಳು ಉಚಿತ ಅಂತೆ. ನನ್ನ ಹೆಂಡ್ತಿ ಕೇಳಿದ್ಲು, ತಿಂಗಳಿಗೆ ಎಷ್ಟು ಜಿಪ್ಪು ಹರ್ಕೋಬೇಕು ಅಂತ ಲೆಕ್ಕ ಇದೆಯಾ ಅಂತ!"

ಪುಟ್ಟಿ ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಜಿಪ್ಪಕ್ಕ ನಗಲಿಲ್ಲ. ಅವನ ಚೀಲ ಸರಿಮಾಡಿ ಕಳಿಸಿದ ಮೇಲೆ ಕನ್ನಡಕ ಒರೆಸಿಕೊಂಡು, "ಪುಟ್ಟಿ, ಆ ಪುಟ ತೆಗಿ. ನನ್ನ ಫೋಟೊ ಬಿಟ್ಟು ಕೆಳಗಡೆ ಹೋಗು" ಎಂದಳು.

ಕೆಳಗೆ ಮೂರು ಪೆಟ್ಟಿಗೆಗಳಿದ್ದವು: ಬೆಳ್ಳಿ, ಚಿನ್ನ, ವಜ್ರ. ಒಂದೊಂದರ ಕೆಳಗೂ ಹನ್ನೆರಡು ಸಾಲು, ಕೆಲವಕ್ಕೆ ಸರಿ ಗುರುತು, ಕೆಲವಕ್ಕೆ ತಪ್ಪು ಗುರುತು. ಚಿನ್ನದ ನೆತ್ತಿಯ ಮೇಲೆ 'ಎಲ್ಲರೂ ಇದನ್ನೇ ಆರಿಸುತ್ತಾರೆ' ಎಂಬ ಪಟ್ಟಿ.

"ಯಾರೇ ಆರಿಸಿದ್ದು?" ಎಂದಳು ಜಿಪ್ಪಕ್ಕ.

"ನಮ್ಮ ಅಳಿಯಂದ್ರೊಬ್ಬರೇ ಇರಬೇಕು."

ಓದಿ ಅರ್ಥ ಮಾಡಿಕೊಳ್ಳುವುದು ತನ್ನಿಂದಾಗದು ಎಂದು ಜಿಪ್ಪಕ್ಕನಿಗೆ ಗೊತ್ತಿತ್ತು. ಹಾಗಾಗಿ ತನಗೆ ಬರುವ ವಿದ್ಯೆಯನ್ನೇ ಹಿಡಿದಳು. ಬಾಗಿಲಿನ ಮುಂದೆ ಹಾದುಹೋಗುತ್ತಿದ್ದ ಅಂಚೆಯವನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದಳು. "ನಿನ್ನ ಈ ಚೀಲದ ರನ್ನರ್ ಹೋಗಿದೆ ಅಂದ್ಕೋ. ಎಷ್ಟಾಗುತ್ತೆ ಅಂತ ಇದರಲ್ಲಿ ನೋಡಿ ಹೇಳು" ಎಂದು ಫೋನ್ ಕೊಟ್ಟು, ತಾನು ಅವನ ಹೆಬ್ಬೆರಳನ್ನೇ ನೋಡುತ್ತ ಕೂತಳು.

ಹೆಬ್ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಬೆಳ್ಳಿಯ ಮೇಲೆ ನಿಂತಿತು. 'ಬೆಲೆ ತಿಳಿಯಲು ಇಲ್ಲಿ ಒತ್ತಿ' ಎಂದಿದ್ದ ಕಡೆ ಒತ್ತಿತು. ಹೆಸರು, ವಿಳಾಸ, ಫೋನ್ ನಂಬರು, ಹುಟ್ಟಿದ ತಾರೀಖು ಕೇಳುವ ಉದ್ದನೆಯ ಅರ್ಜಿ ತೆರೆದುಕೊಂಡಿತು. ಹೆಬ್ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತು, ಆಮೇಲೆ ಫೋನನ್ನೇ ಮಡಿಲಿಗೆ ಇಳಿಸಿತು.

"ಜಿಪ್ಪಕ್ಕ, ಚೀಲಕ್ಕೆ ರನ್ನರ್ ಹಾಕಿಸೋಕೆ ನಾನು ಹುಟ್ಟಿದ್ದು ಯಾವಾಗ ಅಂತ ಯಾಕೆ?"

ಆಮೇಲೆ ಸ್ಟೂಲಿನ ಮೇಲೆ ಕೂತ ಮೇಲ್ಮಹಡಿಯ ನಿವೃತ್ತ ಲೆಕ್ಕದ ಮೇಷ್ಟ್ರು ಹಾಗೆ ಸೋಲುವವರಲ್ಲ. ಅರ್ಜಿ ತುಂಬಿದರು. ಹುಟ್ಟಿದ ವರ್ಷ ಹುಡುಕಲು ಅಷ್ಟು ಹಿಂದಕ್ಕೆ ಉಜ್ಜಿ ಉಜ್ಜಿ ಬೆರಳು ನೋಯಿತು ಎಂದು ಗೊಣಗಿದರು. ಕೊನೆಗೂ ಬೆಲೆ ಬಂತು, ಆದರೆ ಬೆಲೆಯ ತಲೆಯ ಮೇಲೊಂದು ನಕ್ಷತ್ರ. ಆ ನಕ್ಷತ್ರದ ವಿವರ ತೀರಾ ಕೆಳಗೆ, ಬೂದಿ ಬಣ್ಣದ ಇರುವೆ ಅಕ್ಷರದಲ್ಲಿ. ಜಿಪ್ಪಿನ ದುಡ್ಡು ಬೇರೆ, ದಾರ ಬೇರೆ, ಅವಸರದ ಕೆಲಸ ಬೇರೆ. ಮೇಷ್ಟ್ರು ಪೆನ್ಸಿಲ್ ತರಿಸಿ, ಹಳೆಯ ಲಕೋಟೆಯ ಬೆನ್ನಿನ ಮೇಲೆ ಗುಣಿಸಿ, ಕೂಡಿಸಿ, ಹನ್ನೆರಡರಿಂದ ಭಾಗಿಸಿ ತೀರ್ಪು ಕೊಟ್ಟರು:

"ತಂಗೀ, ನನ್ನ ಲೆಕ್ಕ ಸರಿಯಾಗಿದ್ರೆ ನಿಮ್ಮಲ್ಲಿ ರನ್ನರ್ ಹಾಕಿಸೋದಕ್ಕಿಂತ ಎರಡು ಹೊಸ ಸೂಟ್‌ಕೇಸ್ ತಗೊಳ್ಳೋದು ಲಾಭ."

"ರನ್ನರಿಗೆ ನಾನು ತಗೊಳ್ಳೋದು ಇಪ್ಪತ್ತು ಮೇಷ್ಟ್ರೇ!"

"ಹಾಗಂತ ಬರೆದಿದ್ರೆ ಈ ಪೆನ್ಸಿಲ್ ಉಳೀತಿತ್ತು."

ಜಿಪ್ಪಕ್ಕ ನಾಲಿಗೆ ಕಚ್ಚಿಕೊಂಡಳು. ಬೆಲೆ ಮುಚ್ಚಿಡಿ ಎಂದು ಹೇಳಿದವಳು ತಾನೇ. ಒಬ್ಬ ಬ್ಯಾಗಿನಂಗಡಿಯವನಿಗೆ ಕಾಣದಿರಲೆಂದು ಊರಿಗೆಲ್ಲ ಬಾಗಿಲು ಹಾಕಿಸಿದ್ದಳು.

ಬುಧವಾರ ಸಂಜೆ ಅಳಿಯಂದಿರನ್ನು ಕರೆಸಿದ್ದಾಯಿತು. ಹೇಗೆ ಹೇಳುವುದು? ಜಿಪ್ಪಕ್ಕ ಚಹಾ ಕೊಟ್ಟು, ಮಗಳು ಮೊಮ್ಮಕ್ಕಳ ಯೋಗಕ್ಷೇಮ ಕೇಳಿ, ಮತ್ತೊಂದು ಲೋಟ ಚಹಾ ಕೊಟ್ಟಳು. ಪುಟ್ಟಿಗೆ ತಡೆಯಲಾಗಲಿಲ್ಲ.

"ನಿಮ್ಮ ಪುಟ ನೋಡಿ ಜನ ಓಡಿ ಹೋಗ್ತಿದಾರೆ ಕಣ್ರೀ" ಎಂದುಬಿಟ್ಟಳು.

ಅಳಿಯಂದಿರ ಮುಖ ಊದಿತು. "ಎಲ್ಲ ದೊಡ್ಡ ಕಂಪನಿಯವರೂ ಹೀಗೇ ಮಾಡೋದು. ಮೂರು ಪ್ಲಾನು, ತಿಂಗಳ ರೇಟು. ನಮ್ಮ ಅಂಗಡೀಲಿ ದಿನಾ ನೂರು ಜನಕ್ಕೆ ಮಾರ್ತೀನಿ ನಾನು."

"ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಳಲ್ಲ ನಾನು" ಎಂದಳು ಜಿಪ್ಪಕ್ಕ. "ಬೆಲೆ ಮುಚ್ಚಿಡಿ ಅಂದ ಮೊದಲ ತಪ್ಪು ನಂದು. ಆದ್ರೂ ಒಂದು ಉಪಕಾರ ಮಾಡಿ. ನಿಮ್ಮ ಆಫೀಸ್ ಬ್ಯಾಗಿನ ಜಿಪ್ಪು ಅರ್ಧಕ್ಕೇ ನಿಂತಿದೆ, ಬಂದಾಗಿಂದ ನಿಮ್ಮ ಬೆರಳೂ ಅಲ್ಲೇ ನಿಂತಿದೆ. ಇಲ್ಲಿ ಸ್ಟೂಲ್ ಮೇಲೆ ಕೂತು, ನಿಮ್ಮ ಪುಟ ನೋಡಿ, ಎಷ್ಟು ಕೊಡಬೇಕು ಹೇಳಿ."

"ಅದೇನ್ ಮಹಾ" ಎಂದು ಅಳಿಯಂದಿರು ಫೋನ್ ತೆಗೆದರು. ಬೆಳ್ಳಿ ಒತ್ತಿದರು. ವಾಪಸ್ಸು ಬಂದು ಚಿನ್ನ ಒತ್ತಿದರು. ಹುಬ್ಬು ಗಂಟಿಕ್ಕಿತು. ಅರ್ಜಿಯಲ್ಲಿ ಹುಟ್ಟಿದ ತಾರೀಖಿನವರೆಗೆ ಬಂದು, "ಇದನ್ನ ಯಾಕೆ ಹಾಕ್ದೆ ನಾನು?" ಎಂದು ತಮಗೆ ತಾವೇ ಕೇಳಿಕೊಂಡರು. ಮೂರು ನಿಮಿಷವಾದ ಮೇಲೆ ಸೋತು, "ಅತ್ತೆ, ನೀವೇ ಹೇಳಿಬಿಡಿ, ಎಷ್ಟು?" ಎಂದರು.

"ಇಪ್ಪತ್ತು. ಕೂತಿರಿ, ಹತ್ತು ನಿಮಿಷ."

ಅಳಿಯಂದಿರು ಫೋನ್ ನೋಡಿದರು, ಅತ್ತೆಯ ಮುಖ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಕೆಲಸ ಸಲೀಸಾಯಿತು. ಜಿಪ್ಪಕ್ಕ ಹೇಳುತ್ತ ಹೋದಳು, ಅವರು ಅಲ್ಲೇ ಮೆಟ್ಟಿಲ ಕೆಳಗೆ ಕೂತು ಬರೆದರು. ಬೆಳ್ಳಿ ಚಿನ್ನ ವಜ್ರ ಹೋದವು. 'ಗಾಡಿ ಮಾತ್ರ ಕೆಟ್ಟಿದ್ದರೆ ಇಪ್ಪತ್ತು, ಕೂತಿದ್ದಂತೆ ಮಾಡಿಕೊಡುತ್ತೇವೆ. ಹಲ್ಲು ಉದುರಿದ್ದರೆ ಹೊಸ ಜಿಪ್ಪು. ಶಾಲೆ ಚೀಲಕ್ಕೆ ತೊಂಬತ್ತು, ಜಾಕೆಟ್ಟಿಗೆ ನೂರ ಇಪ್ಪತ್ತು, ಜಿಪ್ಪು ದಾರ ಎಲ್ಲ ಸೇರಿ.' ಪಕ್ಕದಲ್ಲಿ ಕೆಟ್ಟ ರನ್ನರಿನದೊಂದು, ಉದುರಿದ ಹಲ್ಲಿನದೊಂದು ಫೋಟೊ, ಜನ ತಮ್ಮದು ಯಾವುದೆಂದು ನೋಡಿಯೇ ತಿಳಿಯಲಿ ಎಂದು.

"ಯಾವಾಗ ಸಿಗುತ್ತೆ ಅಂತ್ಲೂ ಹಾಕಿ" ಎಂದಳು ಪುಟ್ಟಿ. "ನಾಳೆ ಪ್ರಯಾಣ ಇರೋನಿಗೆ ದುಡ್ಡಿಗಿಂತ ಅದೇ ಚಿಂತೆ."

"ಸೂಟ್‌ಕೇಸಿಗೆ ನೋಡದೆ ಬೆಲೆ ಹೇಳೋಕಾಗಲ್ಲ" ಎಂದಳು ಜಿಪ್ಪಕ್ಕ. "ಇಷ್ಟರಿಂದ ಇಷ್ಟರೊಳಗೆ ಅಂತ ಬರೀರಿ. ರಿಪೇರಿ ಆಗದ್ದನ್ನ ಆಗಲ್ಲ ಅಂತ ಹೇಳ್ತೀವಿ, ಹಾಗೆ ಹೇಳೋದಕ್ಕೆ ದುಡ್ಡಿಲ್ಲ ಅಂತ್ಲೂ."

"ಬ್ಯಾಗಿನಂಗಡಿಯವನು ನೋಡ್ತಾನಲ್ಲ ಅತ್ತೆ?"

"ನೋಡ್ಲಿ ಬಿಡಿ. ಐದು ಕಮ್ಮಿ ಮಾಡಿದ್ರೆ ಜನಕ್ಕೇ ಒಳ್ಳೇದು." ಹಾಗೆಂದ ಮೇಲೆ ಆಕೆಗೇ ಸ್ವಲ್ಪ ಹೊಟ್ಟೆ ಉರಿಯಿತು, ಅದು ಬೇರೆ ಮಾತು.

ಗುರುವಾರ ಯಾರೂ ಬರಲಿಲ್ಲ. ಪುಟ್ಟಿ ತನ್ನ ಕತ್ತರಿ, ಟೇಪು, ಎರಡನೇ ಕನ್ನಡಕವನ್ನು ಒಂದು ಡಬ್ಬಿಗೆ ಹಾಕಿಟ್ಟಳು. ಜಿಪ್ಪಕ್ಕ ನೋಡಿಯೂ ನೋಡದಂತಿದ್ದಳು. ಶುಕ್ರವಾರ ಬೆಳಿಗ್ಗೆ ಫೋನ್ ಬಂತು. ಆಮೇಲೆ ಇನ್ನೊಂದು, ಮಧ್ಯಾಹ್ನದ ಹೊತ್ತಿಗೆ ನಾಲ್ಕು. ನಾಲ್ವರಲ್ಲಿ ಒಬ್ಬರೂ ಎಷ್ಟಾಗುತ್ತೆ ಎಂದು ಕೇಳಲಿಲ್ಲ. "ಎಷ್ಟು ಹೊತ್ತಿನವರೆಗೆ ತೆಗೆದಿರ್ತೀರಾ?" ಎಂದೇ ಎಲ್ಲರೂ ಕೇಳಿದ್ದು. ಸಂಜೆಗೆ ಆಟದ ಮೇಷ್ಟರೊಬ್ಬರು ಆರು ಚೀಲ ಹೊತ್ತು ಬಂದು, ದುಡ್ಡನ್ನು ಮೊದಲೇ ಎಣಿಸಿ ಕೈಯಲ್ಲಿ ಹಿಡಿದುಕೊಂಡಿದ್ದರು.

ಶನಿವಾರ ಹನ್ನೊಂದಕ್ಕೆ ಬಾಗಿಲಾಚೆಯ ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು, ನಾಲ್ಕನೆಯವರು ಬಾಗಿಲಿಗೆ ಒರಗಿದ್ದರು. ಪುಟ್ಟಿಯ ಬಾಯಿ ತುಂಬ ಗುಂಡುಸೂಜಿ, ಕೈಯಲ್ಲಿ ಜಾಕೆಟ್ಟು. ಅಷ್ಟರಲ್ಲಿ ಆಕೆಯ ಫೋನ್ ಬಡಿದುಕೊಂಡಿತು.

"ಯಾರು?" ಎಂದು ಪುಟ್ಟಿ ಹುಬ್ಬಿನಲ್ಲೇ ಕೇಳಿದಳು.

ಜಿಪ್ಪಕ್ಕ ಓದಿದಳು. "ಸೂಪರ್‌ವೈಸರ್."

ಪುಟ್ಟಿ ಕಿವಿ ಚಾಚಿದಳು. ಜಿಪ್ಪಕ್ಕ ಫೋನನ್ನು ಆ ಕಿವಿಗೆ ಹಿಡಿದು ನಿಂತಳು, ಬೇರೆ ದಾರಿಯಿರಲಿಲ್ಲ. ಆ ಕಡೆಯವರು ಏನೋ ಹೇಳುತ್ತಲೇ ಇದ್ದರು. ಪುಟ್ಟಿ ಒಂದೊಂದೇ ಸೂಜಿಯನ್ನು ಬಾಯಿಂದ ತೆಗೆದು ಸೂಜಿ ಸಿಕ್ಕಿಸುವ ಪುಟ್ಟ ಮೆತ್ತೆಗೆ ಚುಚ್ಚತೊಡಗಿದಳು. ಒಂದು, ಎರಡು, ಮೂರು. ಜಿಪ್ಪಕ್ಕ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಏಳನೆಯ ಸೂಜಿ ಮೆತ್ತೆಗಿಳಿದ ಮೇಲೆ ಪುಟ್ಟಿ ಗಂಟಲು ಸರಿಪಡಿಸಿಕೊಂಡಳು.

"ಇಲ್ಲ ಸಾರ್, ಬರಕ್ಕಾಗಲ್ಲ. ಇಲ್ಲಿ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ." ಆ ಕಡೆಯಿಂದ ಮತ್ತೇನೋ ಕೇಳಿರಬೇಕು. "ಸಂಬಳಾನಾ? ನೀವು ಕೊಡೋದೇ ಜಾಸ್ತಿ ಸಾರ್, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಮಿಷನ್ ಮುಂದೆ ಮಾತಾಡೋ ಹಾಗಿಲ್ಲವಂತಲ್ಲ. ನಾನು ಎರಡೇ ದಿನಕ್ಕೆ ಸತ್ತುಹೋಗ್ತೀನಿ."

ಬೆಂಚಿನವರು ಗೊಳ್ಳೆಂದು ನಕ್ಕರು. ಜಿಪ್ಪಕ್ಕ ನಗಲು ಹೋಗಿ, ಅದು ಬೇರೇನೋ ಆಗಿ, ಇನ್ನೊಂದು ಕೈಯಲ್ಲಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಅತ್ತಿಗೆ, ಆ ಸೂಪರ್‌ವೈಸರ್ ಫೋನ್ ಇಟ್ಟು ಆಗ್ಲೇ ಹೊತ್ತಾಯ್ತು" ಎಂದಳು ಪುಟ್ಟಿ. "ಕೈ ಇಳಿಸಿ, ಬೆಳಕು ಬಿಡಿ. ಈ ಅಕ್ಕ ಹನ್ನೆರಡರ ಬಸ್ಸಿಗೆ ಹೋಗ್ಬೇಕಂತೆ."