ಏಣಿ ಮಾವ ಕೆಳಗಿಳಿಯುವ ಚಂದ

ಅದಕ್ಕೇ ನಾನು ಹೇಳಿದ್ದು, ಏಣಿ ಮಾವನಂಥವರು ಇನ್ನೊಬ್ಬರಿಲ್ಲ ಅಂತ. ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲು ಚಾವಣಿ ಪರೀಕ್ಷೆಗೆ ಕರೆಯುವುದು ಇವರನ್ನೇ. ಟೀ ಕೊಟ್ಟರೆ ತಲೆಯೆತ್ತಿಕೊಂಡೇ ಕುಡಿದು ಅಂಗಿ ಮೇಲೆಲ್ಲ ಚೆಲ್ಲಿಕೊಳ್ಳುತ್ತಾರೆ. ಒಂದು ಮದುವೆಯಲ್ಲಿ ಹೀಗೇ ಮೇಲೆ ನೋಡುತ್ತ, "ಎರಡು ಮಳೆಗಾಲಕ್ಕಿಂತ ಜಾಸ್ತಿ ಬಾಳಲ್ಲ" ಅಂದು ಹೆಣ್ಣಿನ ತಾಯಿಯಿಂದ ಬೈಸಿಕೊಂಡಿದ್ದಾರೆ. ಹೆಂಚನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಪಕ್ಕದ ಮನೆ ಸುದ್ದಿ ಕೇಳುವವರಂತೆ "ಹೌದಾ? ಆಮೇಲೆ?" ಅನ್ನುತ್ತಾರೆ. ಏಣಿ ಹತ್ತುವಾಗ ಬೆಕ್ಕು, ಇಳಿಯುವಾಗ ಮಾತ್ರ ಆಮೆ, ಮೆಟ್ಟಿಲಿಗೊಂದು ಕೆಮ್ಮು. ನಮ್ಮಕ್ಕ ಮನಸ್ಸಿಟ್ಟಿದ್ದ ಮನೆಯಲ್ಲೂ ಹಾಗೇ ಇಳಿಯುತ್ತಿದ್ದರು. "ಏನಾದ್ರೂ ಮುಚ್ಚಿಟ್ಟಿದ್ದು ಗೊತ್ತಾದ್ರೆ ಈ ಮನೆ ಬೇಡವೇ ಬೇಡ" ಅಂತ ಭಾವ ಮೊದಲೇ ಹೇಳಿದ್ದರು. ಮಾವ ಅರ್ಧ ಏಣಿಗೆ ಬರುವಷ್ಟರಲ್ಲಿ ಮನೆ ಮಾರುವವರು ಬೆವರಿ, "ಅಡುಗೆಮನೆ ಮೇಲೆ ಸೋರುತ್ತಮ್ಮ, ಕಲೆ ಕಾಣದ ಹಾಗೆ ಬಣ್ಣ ಬಳಿಸಿದ್ದೆ. ರಿಪೇರಿ ಮಾಡಿಸೇ ಕೊಡ್ತೀನಿ" ಅಂದುಬಿಟ್ಟರು. ಭಾವ ಮೆತ್ತಗಾದರು, ಮನೆ ಅಕ್ಕನಿಗೆ ಉಳಿಯಿತು. "ಮಂಡಿ ನೋವಾ ಮಾವ?" ಅಂತ ಆಮೇಲೆ ಕೇಳಿದೆ. "ಮಂಡಿಗೇನಾಗಿದೆ, ಕಲ್ಲಿದ್ದ ಹಾಗಿದೆ. ಒಡೆದ ಹೆಂಚು ಆಗಲೇ ನೋಡಿದ್ದೆ ಕಣಮ್ಮ. ನಾನು ಬಾಯಿಬಿಟ್ರೆ ಪಾಪ, ಅವರು ಎಲ್ಲರೆದುರು ಕಳ್ಳ ಆಗ್ತಾರೆ. ಅವರೇ ಹೇಳಲಿ ಅಂತ ಸ್ವಲ್ಪ ಟೈಮ್ ಕೊಡೋದು" ಅಂದರು, ನಮ್ಮ ಚಾವಣಿಯನ್ನೇ ನೋಡುತ್ತ. ನೀವೂ ಮನೆ ಹುಡುಕುತ್ತಿದ್ದರೆ ಮೊದಲು ಹೋಗಿ ಅವರನ್ನು ಕಾಣಿ. ಇಳಿಯುವಾಗ ಮಾತ್ರ ಬೇಗ ಬನ್ನಿ ಅನ್ನಬೇಡಿ.