ತಕ್ಕಡಿಯಣ್ಣನ ಬುತ್ತಿ

ನಮ್ಮ ಆಸ್ಪತ್ರೆ ಅಡುಗೆಮನೆಯ ಹಿರಿಯ ಅಡುಗೆಯವನಿಗೆ ನಾವಿಟ್ಟ ಹೆಸರು ತಕ್ಕಡಿಯಣ್ಣ. ಅವನೆದುರು ಲೋಟದಲ್ಲಿ ಹಿಟ್ಟು ಅಳೆದರೆ ಕೆಟ್ಟೆವು. "ಲೋಟ ನಂಬಬೇಡ ಕಣಮ್ಮ, ಒತ್ತಿ ತುಂಬಿದ್ರೆ ನೂರೈವತ್ತು ಗ್ರಾಂ, ಉದುರಿಸಿದ್ರೆ ನೂರಿಪ್ಪತ್ತು!" ಎಂದು ಕಿತ್ತುಕೊಂಡು ತೂಗುತ್ತಾನೆ. ನೀರನ್ನೂ ತೂಗುತ್ತಾನೆ, ಬಿಟ್ಟರೆ ಹಬೆಯನ್ನೂ ತೂಗಿಯಾನು. ತನ್ನ ಬುತ್ತಿಯನ್ನು ಮಾತ್ರ ಯಾರಿಗೂ ಕೊಡದೆ ಮೂಲೆಯಲ್ಲಿ ಕೂತು ಉಣ್ಣುತ್ತಾನೆ. "ಚಿಟಿಕೆ ಉಪ್ಪಿಗೂ ಇಷ್ಟು ರಂಪಾನಾ ಅಣ್ಣ?" ಎಂದು ಒಮ್ಮೆ ರೇಗಿದೆ. "ನನ್ನ ಹೆಂಡ್ತಿಗೆ ಹಾರ್ಟ್ ಕಾಯಿಲೆ ಇತ್ತು" ಎಂದ, ತಕ್ಕಡಿಯಿಂದ ಕಣ್ಣೆತ್ತದೆ. "ದಿನಕ್ಕೆ ಒಂದೇ ಚಮಚ ಕಲ್ಲುಪ್ಪು ಅಂದಿದ್ರು ಡಾಕ್ಟ್ರು. ಅದು ಮುಗಿದಾಗ ಪುಡಿಯುಪ್ಪು ತಂದು ಅದೇ ಚಮಚದಲ್ಲಿ ಹಾಕ್ತಾ ಬಂದೆ. ಅವಳು ಹೋದ್ಮೇಲೆ ಎರಡನ್ನೂ ಒಂದೊಂದು ಚಮಚ ತೂಗಿ ನೋಡ್ದೆ. ಪುಡಿ ಒಂದೂವರೆ ಪಟ್ಟು ಇತ್ತು." ಅಂದು ಅವನ ಬುತ್ತಿಯಿಂದ ಒಂದು ತುತ್ತು ಬೇಡಿ ತಿಂದೆ. ಅದರಲ್ಲಿ ಉಪ್ಪೇ ಇರಲಿಲ್ಲ.